ಕಂಪ್ಯೂಟರಿಗೆ ಈ ಔಷಧಿ ಬೇಕೇ?

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದು ಮಗ ಒಂದು ಉಚಿತ ರಿಜಿಸ್ಟ್ರಿ ಕ್ಲೀನರ್ ಹಾಕಿದ. ಎರಡೇ ನಿಮಿಷದಲ್ಲಿ ಅದು ನೂರಾರು 'ದೋಷ'ಗಳನ್ನು ಕೆಂಪಕ್ಷರದಲ್ಲಿ ತೋರಿಸಿತು. ಹೆದರಿ ಎಲ್ಲವನ್ನೂ ಅಳಿಸಿದೆವು. ವೇಗ ಹೆಚ್ಚಲಿಲ್ಲ, ಮರುದಿನ ಪ್ರಿಂಟರ್ ಕೆಲಸ ಮಾಡಲಿಲ್ಲ. ಮಗಳು ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದ ದಿನವದು.

ರಿಜಿಸ್ಟ್ರಿ ಎಂದರೆ ವಿಂಡೋಸ್‌ನ ದಫ್ತರ. ಯಾವ ತಂತ್ರಾಂಶ ಎಲ್ಲಿದೆ, ಹೇಗೆ ನಡೆಯಬೇಕು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಲಕ್ಷಗಟ್ಟಲೆ ದಾಖಲೆಗಳ ನಡುವೆ ಕೆಲವು ನೂರು ಹಳೆಯವು ಉಳಿದರೆ ಹೊರೆಯಾಗದು. ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟ ಮಕ್ಕಳ ಹೆಸರಿದ್ದರೆ ಪಾಠ ನಿಧಾನವಾಗುವುದೇ? ಆದರೆ ಇರುವ ಮಗುವಿನ ಹೆಸರನ್ನೇ ಹೊಡೆದುಹಾಕಿದರೆ ತೊಂದರೆ ತಪ್ಪದು. ಇಂತಹ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪೆನಿಯೇ ಹೇಳಿದೆ.

ಸಿಸ್ಟಮ್ ರಿಸ್ಟೋರ್ ಚಾಲನೆಯಲ್ಲಿದ್ದುದರಿಂದ ನಾವು ಹಿಂದಿನ ಸ್ಥಿತಿಗೆ ಮರಳಿದೆವು, ಪ್ರಿಂಟರ್ ಓಡಿತು. ಬಳಿಕ ಬೇಡದ ತಂತ್ರಾಂಶಗಳನ್ನು ತೆಗೆದೆವು. ಕಂಪ್ಯೂಟರ್ ಆರಂಭಿಸುವಾಗಲೇ ತಾವಾಗಿ ತೆರೆದುಕೊಳ್ಳುವವುಗಳನ್ನು ನಿಲ್ಲಿಸಿದೆವು. ಹಳೆಯ ಹಾರ್ಡ್ ಡಿಸ್ಕ್‌ನ ಬದಲು ಎಸ್‌ಎಸ್‌ಡಿ ಹಾಕಿಸಿದೆವು. ವೇಗ ಬಂದದ್ದು ಆಗಲೇ.

ಹೆದರಿಸಿ ಕೊಡುವ ಔಷಧಿಯನ್ನು ಮನೆಯೊಳಗೆ ಬಿಡುವ ಮುನ್ನ, ರೋಗ ಯಾವುದೆಂದು ಮೊದಲು ಕೇಳಿಕೊಳ್ಳಿ.