ಗಣಕಯಂತ್ರ ನಮ್ಮದು, ಕೀಲಿಕೈ ಯಾರದು?

ಪಂಪ್‌ಸೆಟ್ ಕೆಟ್ಟರೆ ನಮಗೆ ಬೇಕಾದ ಮೆಕ್ಯಾನಿಕ್‌ನಿಂದ ಬಿಚ್ಚಿಸಿ ರಿಪೇರಿ ಮಾಡಿಸುತ್ತೇವೆ. ಮೆಣಸಿನ ಬಳ್ಳಿಯನ್ನು ನೆರೆಯವರಿಗೂ ಕೊಡುತ್ತೇವೆ. ಆದರೆ ತೋಟದ ಲೆಕ್ಕವಿಡುವ ಗಣಕಯಂತ್ರದ ತಂತ್ರಾಂಶದ, ಅಂದರೆ ಸಾಫ್ಟ್‌ವೇರಿನ ವಿಷಯದಲ್ಲಿ ಬಹುಪಾಲು ಬಳಕೆದಾರರಿಗೆ ಈ ಹಕ್ಕಿಲ್ಲ. ಅದರ ಒಳಗನ್ನು ನೋಡುವಂತಿಲ್ಲ, ತಿದ್ದುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ.

ಇದರ ಪರಿಣಾಮ 2025ರ ಅಕ್ಟೋಬರ್ 14ರಂದು ಕಂಡಿತು. ಅಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಒಗ್ಗದ, ಆದರೆ ಚೆನ್ನಾಗಿಯೇ ನಡೆಯುತ್ತಿದ್ದ ಎಷ್ಟೋ ಯಂತ್ರಗಳು ಮೂಲೆಗುಂಪಾಗುವ ಸ್ಥಿತಿ ಬಂತು. ಆ ತೀರ್ಮಾನ ಯಂತ್ರದ ಮಾಲೀಕರದಾಗಿರಲಿಲ್ಲ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ್ದು ಇಂಥ ಪರಾಧೀನತೆಯ ವಿರುದ್ಧವೇ. ಬಳಸುವ, ಅರಿತು ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳಿದ್ದರೆ ಅದು ಸ್ವತಂತ್ರ ತಂತ್ರಾಂಶ. ತಿದ್ದಲು ನಮಗೆ ಬಾರದಿರಬಹುದು. ಪಂಪು ಬಿಚ್ಚಲೂ ಎಲ್ಲರಿಗೂ ಬಾರದು. ಬಲ್ಲವರನ್ನು ನಾವೇ ಆರಿಸಿಕೊಳ್ಳುವ ಹಕ್ಕು ಮುಖ್ಯ.

ಲೆಕ್ಕದ ಪಟ್ಟಿಗೆ ಲಿಬ್ರೆ ಆಫೀಸ್, ಹಳೆಯ ಯಂತ್ರಕ್ಕೆ ಲಿನಕ್ಸ್ ಇವೆ. ಹೊಸತನ್ನು ಕಲಿಯಲು ಕೆಲವು ದಿನ ತಿಣುಕಬೇಕು. ಈಗ ಬಳಸುವ ಕೆಲವು ತಂತ್ರಾಂಶಗಳು ಲಿನಕ್ಸಿನಲ್ಲಿ ನಡೆಯದಿರಬಹುದು. ಆದ್ದರಿಂದ ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕೆಂದಿಲ್ಲ. ಆದರೆ ಸಂಘಗಳು ಹೊಸ ತಂತ್ರಾಂಶ ಕೊಳ್ಳುವ ಮುನ್ನ ಮಾರುವವರನ್ನು ಒಂದು ಮಾತು ಕೇಳಲಿ: ನಾಳೆ ನಿಮ್ಮನ್ನು ಬಿಟ್ಟರೆ ಸದಸ್ಯರ ಲೆಕ್ಕವನ್ನು ಬೇರೆಡೆ ತೆರೆದು ಓದಬಹುದೇ?

ದಲ್ಲಾಳಿಯ ಹಿಡಿತದಿಂದ ಪಾರಾಗಲು ಸಂಘ ಕಟ್ಟಿಕೊಂಡ ನಾವು ಲೆಕ್ಕದ ಪುಸ್ತಕವನ್ನು ಇನ್ನೊಬ್ಬರ ಬೀಗಕ್ಕೆ ಒಪ್ಪಿಸಬಾರದು.