ದೇವರ ಬೆಟ್ಟಕ್ಕೆ ಬಾಗಿಲು ಹಾಕಬಹುದೆ?



ದೇವಾಲಯದ ಬಾಗಿಲು ಹಾಕಿದುದನ್ನು ನೀವೆಲ್ಲರೂ ಕಂಡಿರುವಿರಿ. ರಾತ್ರಿಯ ಮಂಗಳಾರತಿಯಾದ ಮೇಲೆ ಅರ್ಚಕರು ಬೀಗ ಹಾಕಿಕೊಂಡು ಮನೆಗೆ ಹೋಗುವರು. ಬೆಳಗಾಗುತ್ತಲೇ ಮತ್ತೆ ತೆರೆಯುವರು. ಆದರೆ ಒಂದು ಬೆಟ್ಟಕ್ಕೆ, ಅದೂ ಸಾವಿರಾರು ಜನರು ದೇವರ ನೆಲೆಯೆಂದು ನಂಬಿರುವ ಬೆಟ್ಟಕ್ಕೆ, ವರ್ಷಗಟ್ಟಲೆ ಬಾಗಿಲು ಹಾಕಿದುದನ್ನು ನಾನು ಕಂಡು ಬಂದಿದ್ದೇನೆ. ಹಾಗೆ ಮಾಡಿದುದು ನ್ಯಾಯವೆ, ಅನ್ಯಾಯವೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ನನಗೆ ಫಿಲಿಪೈನ್ಸ್ ಎಂದರೆ ಭೂಗೋಳದ ಪುಸ್ತಕದಲ್ಲಿ ಒಂದು ಸಾಲು ಮಾತ್ರವಾಗಿತ್ತು. ನನ್ನ ಭಾವನವರು ಅಲ್ಲಿನ ಲೋಸ್ ಬಾನ್ಯೋಸ್ ಎಂಬ ಊರಿನಲ್ಲಿ, 1960ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. 2017ನೆಯ ಇಸವಿಯ ಬೇಸಗೆ ರಜೆಯಲ್ಲಿ ಅವರೇ ಟಿಕೇಟು ಕಳುಹಿಸಿ ಕರೆಸಿಕೊಂಡರು. ಮೇ 15ರಂದು ನಾವು ಲುಕ್ಬಾನ್ ಎಂಬ ಬೇಸಾಯದ ಊರಿಗೆ ಹೊರಟೆವು. ಅಲ್ಲಿನ ಬಾಡಿಗೆ ವಾಹನಕ್ಕೆ ಜೀಪ್ನಿ ಎನ್ನುವರು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನೇ ಉದ್ದ ಮಾಡಿ, ಬಣ್ಣ ಬಳಿದು, ಜನರನ್ನು ಸಾಗಿಸತೊಡಗಿದುದರಿಂದ ಬಂದ ಹೆಸರು ಅದು. ಎದುರುಬದುರಾದ ಎರಡು ಬೆಂಚುಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೆವು. ದಾರಿಯುದ್ದಕ್ಕೂ ತೆಂಗಿನ ತೋಟಗಳನ್ನು ಕಂಡಾಗ ನಾನು ಉಡುಪಿಯ ಕಡೆಗೆ ಹೋಗುತ್ತಿರುವೆನೋ ಎಂಬ ಭ್ರಮೆಯಾಯಿತು.

ಲುಕ್ಬಾನ್ ಊರಿನ ಬೆನ್ನಿಗೆ ನಿಂತಿರುವುದೇ ಬನಹಾವ್ ಬೆಟ್ಟ. ಎತ್ತರ ಸುಮಾರು 2,170 ಮೀಟರು. ಒಂದು ಕಾಲಕ್ಕೆ ಬೆಂಕಿ ಕಾರಿದ ಅಗ್ನಿಪರ್ವತ. ಇಂದು ದಟ್ಟವಾದ ಕಾಡು. ಅದರ ಬುಗ್ಗೆಗಳ ನೀರೇ ಸುತ್ತಲಿನ ಊರುಗಳ ಗದ್ದೆಗಳನ್ನು ತಣಿಸುವುದು. ಅಂದು ಆ ಊರಿನಲ್ಲಿ ಪಾಹಿಯಾಸ್ ಎಂಬ ಹಬ್ಬ. ಸ್ಪೇನ್ ದೇಶದಲ್ಲಿ ಪರರ ಹೊಲ ಉತ್ತು ಬದುಕಿದ ಇಸಿದ್ರೋ ಎಂಬ ಸಂತನು ರೈತರನ್ನು ಕಾಯುವವನೆಂದು ಅವರ ನಂಬಿಕೆ. ಆತನ ಮೆರವಣಿಗೆ ಹೋಗುವ ಬೀದಿಯ ಮನೆಗಳವರೆಲ್ಲ ತಮ್ಮ ಬೆಳೆಯನ್ನು ತಂದು ಗೋಡೆಗೆ, ಕಿಟಕಿಗೆ, ಮಾಡಿಗೆ ಕಟ್ಟುವರು. ಭತ್ತದ ತೆನೆ, ಬದನೆ, ಅಲಸಂದೆ, ಕುಂಬಳ, ಬಾಳೆಗೊನೆ ಏನುಂಟು, ಏನಿಲ್ಲ! ಅಕ್ಕಿಯ ಹಿಟ್ಟನ್ನು ಎಲೆಯ ಮೇಲೆ ಸವರಿ, ಹಬೆಯಲ್ಲಿ ಬೇಯಿಸಿ ಒಣಗಿಸಿದ ಕಿಪಿಂಗ್ ಎಂಬ ಬಣ್ಣಬಣ್ಣದ ಹಪ್ಪಳಗಳು ಗಾಳಿಗೆ ಪಟಪಟನೆ ಆಡುತ್ತಿದ್ದುವು. ಒಂದೊಂದು ಹಪ್ಪಳದಲ್ಲಿಯೂ ಎಲೆಯ ನರಗಳು ಸ್ಪಷ್ಟವಾಗಿ ಮೂಡಿದ್ದುವು. ಬೀದಿಬದಿಯಲ್ಲಿ ಬಾಳೆಲೆಯ ತುಂಡಿನಲ್ಲಿ ಶ್ಯಾವಿಗೆಯಂತಹ ತಿಂಡಿಯನ್ನು ಕೊಟ್ಟರು. ಕೈಯಾಗಲಿ ಚಮಚವಾಗಲಿ ಇಲ್ಲದೆ, ಎಲೆಯನ್ನೇ ಬಾಯಿಗೆ ಹಿಡಿದು ತಿನ್ನುವುದು ಅಲ್ಲಿನ ಪದ್ಧತಿ.

ಬೆಟ್ಟವನ್ನು ಏರಬೇಕೆಂಬ ಆಸೆಯಿಂದಲೇ ನಾನು ಹೋದವನು. ಆದರೆ ಏರುವಂತಿಲ್ಲವೆಂದು ಭಾವನವರು ತಿಳಿಸಿದರು. ಪವಿತ್ರ ವಾರದಲ್ಲಿ, ಎಂದರೆ ಕ್ರಿಸ್ತನ ಮರಣವನ್ನು ಸ್ಮರಿಸುವ ದಿನಗಳಲ್ಲಿ, ಸಾವಿರಾರು ಯಾತ್ರಿಕರು ಅಲ್ಲಿಗೆ ಬರುವರು. ಅಲ್ಲಿನ ಗುಹೆ, ಬಂಡೆ, ಬುಗ್ಗೆಗಳು ಅವರಿಗೆ ಪುಣ್ಯಕ್ಷೇತ್ರಗಳು. ಬಂದವರು ಬಿಟ್ಟುಹೋದ ಕಸ ಶಿಖರದವರೆಗೂ ರಾಶಿ ಬಿದ್ದು, ಕಾಡು ಕೆಟ್ಟು, ನೀರು ಮಲಿನವಾಗುವ ಸ್ಥಿತಿ ಒದಗಿದಾಗ, 2004ರಲ್ಲಿ ಮೇಲಿನ ದಾರಿಗಳನ್ನು ಮುಚ್ಚಿದರು. ಮೊದಲು ಐದು ವರ್ಷವೆಂದರು. ಆಮೇಲೆ ಅವಧಿಯನ್ನು ಮತ್ತೆ ಮತ್ತೆ ಬೆಳೆಸಿದರು. 2009ರಲ್ಲಿ ಶಾಸನ ಮಾಡಿ, ನೆರೆಯ ಸಾನ್ ಕ್ರಿಸ್ತೋಬಾಲ್ ಬೆಟ್ಟವನ್ನೂ ಕೂಡಿಸಿ, ಸುಮಾರು 10,900 ಹೆಕ್ಟೇರು ಪ್ರದೇಶವನ್ನು ರಕ್ಷಿತವೆಂದು ಸಾರಿದರು. ಆದರೂ ಕದ್ದು ಹತ್ತುವವರು ಇದ್ದೇ ಇದ್ದರು.

ಇದಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತು ಹಗುರವಾದುದಲ್ಲ. ಇದೇ ಲುಕ್ಬಾನಿನಲ್ಲಿ 1815ರಲ್ಲಿ ಹುಟ್ಟಿದ ಅಪೊಲಿನಾರಿಯೊ ದೆ ಲಾ ಕ್ರೂಸ್ ಎಂಬ ರೈತರ ಮಗನು ಸಂನ್ಯಾಸಿಯಾಗಬೇಕೆಂದು ಮನಿಲಾ ನಗರಕ್ಕೆ ಹೋದನು. ದೇಶೀಯನೆಂಬ ಒಂದೇ ಕಾರಣದಿಂದ ಅವನನ್ನು ಮಠಕ್ಕೆ ಸೇರಿಸಿಕೊಳ್ಳಲಿಲ್ಲ. ಅವನು 1832ರಲ್ಲಿ ತನ್ನಂತಹ ಬಡವರದೇ ಒಂದು ಭಕ್ತಸಂಘವನ್ನು ಕಟ್ಟಿದನು. ಸ್ಪೇನಿನ ಅಧಿಕಾರಿಗಳು ಅದನ್ನು ಒಪ್ಪದೆ ಸೈನ್ಯವನ್ನು ಕಳುಹಿಸಿದರು. ನೂರಾರು ಜನರು ಹತರಾದರು. 1841ರ ನವೆಂಬರ 4ರಂದು ಅವನನ್ನೂ ಕೊಂದರು. ಆಗ ಅವನಿಗೆ ಇಪ್ಪತ್ತಾರು ವರ್ಷ. ಉಳಿದವರಿಗೆ ಆಶ್ರಯ ಕೊಟ್ಟುದು ಈ ಬೆಟ್ಟವೇ. ದೊಡ್ಡವರ ದೇವಾಲಯದಲ್ಲಿ ಸ್ಥಳ ದೊರೆಯದವರಿಗೆ ಬೆಟ್ಟವೇ ದೇವಾಲಯವಾಯಿತು. ಅಂತಹ ಬೆಟ್ಟಕ್ಕೆ ಸರಕಾರದವರು ಬಾಗಿಲು ಹಾಕಿದರೆ, ‘ಅಂದು ಪರದೇಶಿಯರು ತಡೆದರು, ಇಂದು ನಮ್ಮವರೇ ತಡೆಯುವರೆ?’ ಎಂದು ಒಬ್ಬ ಬಡ ಭಕ್ತನು ಕೇಳಿದರೆ, ಅವನಿಗೆ ಏನು ಉತ್ತರ ಹೇಳೋಣ? ಯಾತ್ರಿಕರಿಗೆ ದಾರಿ ತೋರಿಸಿ, ಹೊರೆ ಹೊತ್ತು, ಅನ್ನ ಬೇಯಿಸಿ ಹಾಕಿ ಬದುಕುತ್ತಿದ್ದವರ ಗತಿಯೇನು?

ಹಬ್ಬದ ಬೀದಿಯಲ್ಲಿ ನಮ್ಮನ್ನು ಒಳಗೆ ಕರೆದು ಕುಳ್ಳಿರಿಸಿದ ಒಬ್ಬ ಅಜ್ಜಿಯನ್ನು ಭಾವನವರ ಮೂಲಕ ಇದನ್ನೇ ಕೇಳಿದೆನು. ಆಕೆ ಹುಡುಗಿಯಾಗಿದ್ದಾಗ ತಾಯಿಯ ಕೈ ಹಿಡಿದು ಬೆಟ್ಟವನ್ನು ಏರಿದವಳಂತೆ. ಮೊಮ್ಮಕ್ಕಳನ್ನು ಕರೆದೊಯ್ಯಲಾಗಲಿಲ್ಲವೆಂಬ ವ್ಯಸನ ಆಕೆಗಿತ್ತು. ಆದರೂ ಬೆಟ್ಟ ಕಾಯಿಲೆ ಬಿದ್ದಿದೆ, ಕಾಯಿಲೆಯವರ ಕೋಣೆಗೆ ಗುಂಪು ಕಟ್ಟಿಕೊಂಡು ಹೋಗುವುದು ಪ್ರೀತಿಯ ಲಕ್ಷಣವಲ್ಲ ಎಂದಳು. ಕಿಟಕಿಯಿಂದಲೇ ಬೆಟ್ಟದ ಕಡೆಗೆ ತಿರುಗಿ ಶಿಲುಬೆಯ ಗುರುತು ಮಾಡಿಕೊಂಡಳು.

ಆ ಕ್ಷಣದಲ್ಲಿ ನನಗೆ ನೆನಪಾದುದು ನಮ್ಮ ಕೊಡಚಾದ್ರಿ. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬರುವೆನೆಂದು ಹರಕೆ ಹೊತ್ತು, ಕೊಲ್ಲೂರಿನಲ್ಲಿ ದೇವಿಯ ದರ್ಶನ ಮಾಡಿಕೊಂಡು, ಗೆಳೆಯರೊಡನೆ ಆ ಬೆಟ್ಟವನ್ನು ಏರಿದ್ದೆನು. ತಾಯಿ ಕಟ್ಟಿಕೊಟ್ಟ ಚಿತ್ರಾನ್ನವನ್ನು ತಿಂದು, ಕೈ ಮುಗಿದು, ಆ ಪ್ಲಾಸ್ಟಿಕ್ ಚೀಲವನ್ನು ಪೊದೆಯ ಕಡೆಗೆ ಎಸೆದು ಇಳಿದುಬಂದೆನು. ಹರಕೆ ತೀರಿತೆಂದು ಎಷ್ಟು ಹಗುರವಾಗಿದ್ದೆನು! ಆ ಚೀಲ ಇಂದಿಗೂ ಅಲ್ಲಿಯೇ ಇರಬಹುದು. ಲುಕ್ಬಾನಿನ ಬೀದಿಯಲ್ಲಿ ನಾನು ತಿಂದೆಸೆದ ಬಾಳೆಲೆ ಮಾತ್ರ ಆ ವರ್ಷವೇ ಮಣ್ಣಾಗಿ ಹೋಗಿರಬೇಕು. ಬನಹಾವ್ ಬೆಟ್ಟವನ್ನು ಕೆಡಿಸಿದವರು ದುಷ್ಟರಲ್ಲ, ನಾಸ್ತಿಕರೂ ಅಲ್ಲ; ನನ್ನಂತೆ ಕೈ ಮುಗಿದು ಇಳಿದುಬಂದವರು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಬೆಟ್ಟಕ್ಕೆ ಬಾಗಿಲು ಹಾಕಿದುದು ಸರಿ. ಅಂದಿನ ತಡೆ ಮನುಷ್ಯನನ್ನು ಕೀಳೆಂದು ಬಗೆದು ಮಾಡಿದುದು. ಇಂದಿನ ತಡೆ ಕೆಳಗಿನ ಗದ್ದೆಗೆ ನೀರು ಬರಲೆಂದು ಮಾಡಿದುದು. ಎರಡೂ ಒಂದೇ ಅಲ್ಲ. ಆದರೆ ಎರಡು ಷರತ್ತುಗಳಿವೆ. ಬಾಗಿಲು ಹಾಕಿದರೆ ಎಲ್ಲರಿಗೂ ಹಾಕಬೇಕು. ಬಡವನನ್ನು ತಡೆದು, ಬಲ್ಲಿದರನ್ನು ಹಿಂದಿನ ದಾರಿಯಿಂದ ಬಿಟ್ಟರೆ ಅದು ಹಳೆಯ ಅನ್ಯಾಯವೇ ಆದೀತು. ಮತ್ತು ಯಾತ್ರೆಯಿಂದ ಬದುಕುತ್ತಿದ್ದವರಿಗೆ ಬೆಟ್ಟವನ್ನು ಕಾಯುವ ಕೆಲಸದಲ್ಲಿ ಮೊದಲ ಸ್ಥಾನ ದೊರೆಯಬೇಕು. ಬೆಟ್ಟದ ದಾರಿಗಳನ್ನು ಅವರಷ್ಟು ಬಲ್ಲವರು ಯಾರು?

ಹೋಗಿ ನೋಡಿ ಬರುವುದೇ ಭಕ್ತಿಯೆಂದು ನಾವು ತಿಳಿದಿದ್ದೇವೆ. ಕೆಲವು ಸಲ ಹೋಗದೆ ಇರುವುದೂ ಭಕ್ತಿಯೇ. ರಜೆ ಬಂದೊಡನೆ ನೀವು ತಂದೆತಾಯಿಯರೊಡನೆ ಊರಿಗೆ ಹೋಗುವಿರಿ. ಅಲ್ಲೊಂದು ಬೆಟ್ಟವೋ, ಹೊಳೆಯೋ, ನಾಗಬನವೋ ನಿಮ್ಮ ದಾರಿ ಕಾಯುತ್ತಿರುತ್ತದೆ. ಅವಶ್ಯವಾಗಿ ಹೋಗಿರಿ, ಕೈ ಮುಗಿಯಿರಿ. ಬರುವಾಗ ಮಾತ್ರ ನಿಮ್ಮ ಚೀಲವನ್ನು ಮರೆಯದೆ ತನ್ನಿರಿ. ನಿಮ್ಮ ಉಪಾಧ್ಯಾಯನು ಬಿಟ್ಟು ಬಂದುದು ಕಣ್ಣಿಗೆ ಬಿದ್ದರೆ, ದಯವಿಟ್ಟು ಅದನ್ನೂ ತನ್ನಿರಿ.