ಜ್ವರ ಎತ್ತಿಗೆ, ಬರೆ ಎಮ್ಮೆಗೆ

ರಾಜಕುಮಾರಿಯನ್ನು ಬಿಡಿಸಲು ಇರುವುದು ಒಂದೇ ಗಂಟೆ. ನೆಲಮಾಳಿಗೆಯ ಕತ್ತಲಲ್ಲಿ ಓಡಿ, ಹಾರಿ, ಕಾವಲುಗಾರರೊಡನೆ ಕತ್ತಿ ಹಿಡಿದು ಸೆಣಸಿ ಬಂದ ನಾಯಕ ಒಂದು ವಿಚಿತ್ರ ಕೋಣೆಯಲ್ಲಿ ನಿಲ್ಲುತ್ತಾನೆ. ಅಲ್ಲಿ ಪುಟ್ಟ ಪುಟ್ಟ ಸೀಸೆಗಳು. ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರವಿರುವ ಸೀಸೆಯನ್ನು ಕುಡಿಯಬೇಕು ಎಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಕೈಪಿಡಿ ಪಕ್ಕದಲ್ಲಿರುವವನು ಪುಟ ತಿರುವಿ, ಸರಿಯಾದ ಸೀಸೆ ಕುಡಿದು ಮುಂದೆ ಸಾಗುತ್ತಾನೆ. ಗೆಳೆಯನ ಫ್ಲಾಪಿಯಿಂದ ನಕಲು ಮಾಡಿಕೊಂಡವನು ತಲೆ ಕೆರೆದುಕೊಳ್ಳುತ್ತಾ ಅಲ್ಲೇ ಉಳಿಯುತ್ತಾನೆ.

ಇದು ಅಮೆರಿಕದ ಜೋರ್ಡಾನ್ ಮೆಕ್ನರ್ ರಚಿಸಿ, 1989ರಲ್ಲಿ ಹೊರಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’. ಇಂದಿನ ಅಪ್ಪ-ಅಮ್ಮಂದಿರಲ್ಲಿ ಕೆಲವರಿಗಾದರೂ ಈ ಆಟದ ನೆನಪಿದ್ದೀತು. ಆ ಸೀಸೆಗಳ ಕೋಣೆ ಕಥೆಗಾಗಿ ಇದ್ದದ್ದಲ್ಲ, ಕಳ್ಳನನ್ನು ತಡೆಯಲು ಇದ್ದದ್ದು. ಅದೊಂದು ಬೀಗ.

ಬೀಗ ಏಕೆ ಬೇಕಾಯಿತು? ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹಾಡು ಇಳಿಸಿಕೊಂಡವರಿಗೆ ಗೊತ್ತು: ನಕಲಿನ ನಕಲು ತೆಗೆಯುತ್ತಾ ಹೋದಂತೆ ಹಾಡು ಮಸುಕಾಗಿ, ಸುಯ್ಯೆಂಬ ಸದ್ದೇ ಉಳಿಯುತ್ತದೆ. ಕಂಪ್ಯೂಟರ್‌ನ ಕಡತ ಹಾಗಲ್ಲ. ಸಾವಿರನೆಯ ನಕಲೂ ಮೂಲದಷ್ಟೇ ಚೊಕ್ಕ. ವರ್ಷಗಟ್ಟಲೆ ದುಡಿದು ರಚಿಸಿದ ಆಟವನ್ನು ಐದು ನಿಮಿಷದಲ್ಲಿ ನಕಲು ಮಾಡಬಹುದಾದರೆ ರಚಿಸಿದವನು ಉಣ್ಣುವುದೇನು? ಈ ಆತಂಕ ನ್ಯಾಯವಾದದ್ದೇ.

ಕೆಂಪು ಕಾಗದ, ತಿರುಗುವ ಚಕ್ರ

ಹಾಗಾಗಿ ಕಂಪನಿಗಳು ಬಗೆಬಗೆಯ ಉಪಾಯ ಹೂಡಿದವು. ‘ಸಿಮ್‌ಸಿಟಿ’ ಆಟದ ಜೊತೆ ಗಾಢ ಕೆಂಪು ಕಾಗದದಲ್ಲಿ ಕಪ್ಪು ಅಕ್ಷರಗಳ ಪಟ್ಟಿ ಬರುತ್ತಿತ್ತು, ಜೆರಾಕ್ಸ್ ಯಂತ್ರಕ್ಕೆ ಅದು ಕಾಣಿಸಬಾರದೆಂದು. 1990ರ ‘ದ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಪೆಟ್ಟಿಗೆಯಲ್ಲಿ ರಟ್ಟಿನ ಚಕ್ರ. ಅದನ್ನು ತಿರುಗಿಸಿ ಕಡಲ್ಗಳ್ಳನ ಮುಖ ಹೊಂದಿಸಿದರೆ ಆತನನ್ನು ಗಲ್ಲಿಗೇರಿಸಿದ ಇಸವಿ ಕಾಣುತ್ತಿತ್ತು. ಆ ಇಸವಿ ಒತ್ತಿದರಷ್ಟೇ ಆಟ. ಇವು ಒಂಥರಾ ಮೋಜಿನ ಬೀಗಗಳು.

ಎಲ್ಲವೂ ಮೋಜಿನದಾಗಿರಲಿಲ್ಲ. 1985ರಲ್ಲಿ ಬ್ರಿಟನ್ನಿನಲ್ಲಿ ‘ಲೆನ್ಸ್‌ಲಾಕ್’ ಎಂಬ ಮಡಚುವ ಪ್ಲಾಸ್ಟಿಕ್ ಮಸೂರ ಬಂತು. ಟಿವಿ ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಕಾಣುವ ಅಕ್ಷರಗಳನ್ನು ಅದರ ಮೂಲಕ ನೋಡಿದರೆ ಗುಪ್ತಪದ ಕೂಡಿಕೊಳ್ಳುತ್ತಿತ್ತು. ‘ಎಲೀಟ್’ ಆಟದ ಕೆಲವು ಪೆಟ್ಟಿಗೆಗಳಲ್ಲಿ ಬೇರೆ ಆಟದ ಮಸೂರ ಸೇರಿಹೋಗಿತ್ತು! ದುಡ್ಡು ಕೊಟ್ಟು ತಂದವರು ಮಸೂರ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಕೂತದ್ದೇ ಬಂತು.

ಈ ಬೀಗಗಳಿಗೆಲ್ಲ ಒಂದು ಹುಟ್ಟುದೋಷವಿದೆ. ಆಟ ನಡೆಯಬೇಕಾದರೆ ಕೊಂಡವನ ಕಂಪ್ಯೂಟರ್ ಅದನ್ನು ತೆರೆಯಲೇಬೇಕು. ಎಂದರೆ ಬೀಗವನ್ನೂ ಕೀಲಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಗಿರಾಕಿಯ ಮನೆಗೆ ಕಳಿಸಬೇಕು. ಲಕ್ಷ ಗಿರಾಕಿಗಳಲ್ಲಿ ಒಬ್ಬ ಚತುರ ಅದನ್ನು ಒಮ್ಮೆ ಬಿಚ್ಚಿದರೆ ಸಾಕು. ಆತ ಹಂಚುವ ನಕಲಿನಲ್ಲಿ ಬೀಗವೇ ಇರುವುದಿಲ್ಲ. ಕದ್ದವನು ಆರಾಮವಾಗಿ ಆಡುತ್ತಾನೆ, ಬೀಗದೊಡನೆ ಗುದ್ದಾಡುವುದು ದುಡ್ಡು ಕೊಟ್ಟವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಇದಕ್ಕೇ ಹೇಳಿಸಿದಂತಿದೆ.

ಕೊಂಡವನಿಗೇ ಸೆರೆ

ಸಿ.ಡಿ.ಗಳ ಕಾಲಕ್ಕೆ ಬೀಗ ಕಣ್ಣಿಗೆ ಕಾಣದ ತಂತ್ರಾಂಶವಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್’, ಚಿಕ್ಕದಾಗಿ ಡಿಆರ್‌ಎಂ ಎಂಬ ಹೆಸರು ನಿಂತಿತು. 2008ರಲ್ಲಿ ಬಂದ ‘ಸ್ಪೋರ್’ ಆಟವನ್ನು ಹಾಕಿಕೊಳ್ಳಲು ಆರಂಭದಲ್ಲಿ ಮೂರೇ ಸಲ ಅನುಮತಿ. ಹಾರ್ಡ್ ಡಿಸ್ಕ್ ಕೆಟ್ಟು ಮತ್ತೆ ಮತ್ತೆ ಹಾಕಬೇಕಾದವನು ಕಂಪನಿಗೆ ಅಹವಾಲು ಸಲ್ಲಿಸಬೇಕು. ಅಮೆಜಾನ್‌ನಲ್ಲಿ ಸಾವಿರಾರು ಗಿರಾಕಿಗಳು ಒಂದೇ ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಂಡರು. ಇಷ್ಟಾಗಿಯೂ ಆ ವರ್ಷ ಅತಿ ಹೆಚ್ಚು ಕದಿಯಲ್ಪಟ್ಟ ಆಟಗಳ ಪಟ್ಟಿಯಲ್ಲಿ ಮೊದಲ ಹೆಸರು ‘ಸ್ಪೋರ್’ನದೇ!

ಬೀಗಕ್ಕೆ ವಯಸ್ಸಾದಾಗ ಇನ್ನೊಂದು ಫಜೀತಿ. ‘ಸೇಫ್‌ಡಿಸ್ಕ್’ ಎಂಬ ಬೀಗ ವಿಂಡೋಸ್‌ನ ಆಳಕ್ಕಿಳಿದು ಕೆಲಸ ಮಾಡುತ್ತಿತ್ತು. ಅದರಿಂದ ಭದ್ರತೆಗೆ ಅಪಾಯವೆಂದು 2015ರಲ್ಲಿ ವಿಂಡೋಸ್ 10 ಅದನ್ನು ಒಳಗೇ ಬಿಡಲಿಲ್ಲ. ಬಿಲ್ಲು ಕೊಟ್ಟು ತಂದು, ಗೀರು ಬೀಳದಂತೆ ಜೋಪಾನ ಮಾಡಿದ ಎಷ್ಟೋ ಸಿ.ಡಿ.ಗಳು ಆ ಹೊತ್ತಿಗೆ ಮೂಕವಾದವು.

ಈಗ ಕೀಲಿ ದೂರದ ಸರ್ವರ್‌ನಲ್ಲಿರುತ್ತದೆ. ಯುಬಿಸಾಫ್ಟ್ ಕಂಪನಿಯ ಕಾರು ಓಟದ ಆಟ ‘ದ ಕ್ರೂ’ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ನಿಲ್ಲಿಸಿತು. ಒಬ್ಬನೇ ಕೂತು ಆಡುವುದೂ ಅಂದಿಗೆ ಮುಗಿಯಿತು. ಕಪಾಟಿನಲ್ಲಿದ್ದ ಡಿಸ್ಕ್ ಬರೀ ತಟ್ಟೆಯಾಯಿತು. ಹಾಗಾದರೆ ಗಿರಾಕಿ ಹತ್ತು ವರ್ಷದ ಹಿಂದೆ ಕೊಂಡದ್ದಾದರೂ ಏನನ್ನು? ಈ ಪ್ರಶ್ನೆ ಶಾಸನಸಭೆಗಳನ್ನೂ ಮುಟ್ಟಿತು. 2025ರ ಜನವರಿ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ, ಹಿಂದಕ್ಕೆ ಪಡೆಯಬಹುದಾದ ಡಿಜಿಟಲ್ ಸರಕನ್ನು ‘ಮಾರಾಟ’ ಎಂದು ಕರೆಯುವ ಮುಂಚೆ, ಇದು ಬಳಸುವ ಪರವಾನಗಿ ಮಾತ್ರ ಎಂದು ಅಂಗಡಿಯವನು ಸ್ಪಷ್ಟವಾಗಿ ತಿಳಿಸಬೇಕು. ಇಳಿಸಿಕೊಂಡು, ಇಂಟರ್‌ನೆಟ್ ಇಲ್ಲದೆ ಎಂದೆಂದಿಗೂ ಬಳಸಬಹುದಾದ ಸರಕಿಗೆ ಈ ಷರತ್ತಿಲ್ಲ.

ವಾರ್ಸಾದ ಗೆಳೆಯರು

ಅಂಥ ಬೀಗವಿಲ್ಲದ ಸರಕನ್ನೇ ವ್ಯಾಪಾರ ಮಾಡಿದವರ ಕಥೆ ಪೋಲೆಂಡಿನದು. ಅಲ್ಲಿ 1994ರ ಹೊಸ ಕೃತಿಸ್ವಾಮ್ಯ ಕಾಯ್ದೆ ಬರುವವರೆಗೆ ತಂತ್ರಾಂಶದ ನಕಲಿಗೆ ಹೇಳುವವರು ಕೇಳುವವರು ಇರಲಿಲ್ಲ. ರಾಜಧಾನಿ ವಾರ್ಸಾದ ಸಂತೆಗಳಲ್ಲಿ ನಕಲಿ ಡಿಸ್ಕುಗಳು ತರಕಾರಿಯಂತೆ ಬಿಕರಿಯಾಗುತ್ತಿದ್ದವು. ಆ ಸಂತೆಯಲ್ಲೇ ಓಡಾಡಿ ಬೆಳೆದ ಶಾಲಾ ಗೆಳೆಯರಿಬ್ಬರು, ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಹಾವ್ ಕಿಚಿನ್‌ಸ್ಕಿ, 1994ರಲ್ಲಿ ‘ಸಿಡಿ ಪ್ರಾಜೆಕ್ಟ್’ ಎಂಬ ಕಂಪನಿ ಕಟ್ಟಿದರು.

ನಕಲಿ ಡಿಸ್ಕಿನ ಬೆಲೆಗೆ ಅಸಲಿ ಮಾರುವುದು ಸಾಧ್ಯವಿಲ್ಲ. ಮತ್ತೇನು ದಾರಿ? 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಆಟವನ್ನು ಅವರು ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದರು. ನಾಡಿನ ಹೆಸರಾಂತ ನಟರಿಂದ ಮಾತಾಡಿಸಿದರು. ದಪ್ಪ ಪೆಟ್ಟಿಗೆಯಲ್ಲಿ ನಕಾಶೆ, ಪುಸ್ತಕ, ಸಂಗೀತದ ಸಿ.ಡಿ. ಇಟ್ಟು ಕೊಟ್ಟರು. ಜನ ಕೊಂಡರು. ಗಟ್ಟಿ ಬೀಗಕ್ಕಿಂತ ಒಳ್ಳೆಯ ಸರಕು ಮೇಲು ಎಂಬ ಪಾಠ ಅವರಿಗೆ ಸಿಕ್ಕಿತು.

‘ಸ್ಪೋರ್’ ಗಲಾಟೆ ನಡೆದ ಅದೇ 2008ರಲ್ಲಿ ಅವರು ಹಳೆಯ ಆಟಗಳಿಗೆಂದೇ ಅಂತರ್ಜಾಲದಲ್ಲಿ ಅಂಗಡಿ ತೆರೆದರು. ಹೆಸರು ‘ಗುಡ್ ಓಲ್ಡ್ ಗೇಮ್ಸ್’, ಮುಂದೆ ಅದು ‘ಗಾಗ್’ ಆಯಿತು. ಆಗ ಒಂದು ಆಟಕ್ಕೆ 5.99 ಇಲ್ಲವೇ 9.99 ಡಾಲರ್. ಹಳೆಯ ಆಟ ಹೊಸ ವಿಂಡೋಸ್‌ನಲ್ಲಿ ನಡೆಯುವಂತೆ ರಿಪೇರಿ ಮಾಡಿ, ಕೈಪಿಡಿ ಸಮೇತ ಕೊಡುತ್ತಿದ್ದರು. ಬೀಗ ಮಾತ್ರ ಇಲ್ಲ. ಒಮ್ಮೆ ಇಳಿಸಿಕೊಂಡ ಕಡತ ಗಿರಾಕಿಯದು. ಪೆನ್ ಡ್ರೈವ್‌ನಲ್ಲಿಡಲಿ, ಹೊಸ ಕಂಪ್ಯೂಟರ್‌ಗೆ ಹಾಕಲಿ, ಯಾರ ಅಪ್ಪಣೆಯೂ ಬೇಡ.

ಹೊಸ ಆಟಕ್ಕೆ ಇದು ನಡೆದೀತೆ? 2011ರ ಮೇ ತಿಂಗಳಲ್ಲಿ ಅವರದೇ ‘ದ ವಿಚರ್ 2’ ಬಂದಾಗ ಅಂಗಡಿಯ ಡಿಸ್ಕಿಗೆ ಬೀಗವಿತ್ತು, ಗಾಗ್ ಪ್ರತಿಗೆ ಇರಲಿಲ್ಲ. ಕಳ್ಳರು ಬೀಗವಿಲ್ಲದ್ದನ್ನೇ ಹಂಚುತ್ತಾರೆಂದು ಯಾರಾದರೂ ಊಹಿಸಿಯಾರು. ಆದರೆ ಹೆಚ್ಚು ಹಬ್ಬಿದ್ದು ಬೀಗ ಮುರಿದ ಡಿಸ್ಕಿನ ನಕಲು ಎಂದು ಕಂಪನಿಯವರೇ ಹೇಳಿದರು. ಬೀಗ ಒಡೆಯುವುದೇ ಕೆಲವರಿಗೆ ಪಂಥ! ಅದೇ ತಿಂಗಳು ಡಿಸ್ಕಿನ ಬೀಗವನ್ನೂ ಕಳಚಲಾಯಿತು. 2015ರ ‘ದ ವಿಚರ್ 3’ ಗಾಗ್‌ನಲ್ಲಿ ಬೀಗವಿಲ್ಲದೆಯೇ ಬಂತು. ಎಲ್ಲ ಬಗೆಯ ಯಂತ್ರಗಳೂ ಸೇರಿ ಅದರ 5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ಕಂಪನಿ 2023ರಲ್ಲಿ ಪ್ರಕಟಿಸಿತು.

ಚಪ್ಪಾಳೆಗೆ ಎರಡು ಕೈ

ಹಾಗೆಂದು ಬೀಗ ಹಾಕುವವರೆಲ್ಲ ಮೂಢರಲ್ಲ. ದೊಡ್ಡ ಆಟದ ಹೆಚ್ಚಿನ ಮಾರಾಟ ನಡೆಯುವುದು ಮೊದಲ ಕೆಲವು ವಾರಗಳಲ್ಲಿ. ಅಷ್ಟು ದಿನ ಬೀಗ ತಡೆದುಕೊಂಡರೂ ಲಾಭವೇ ಎಂಬುದು ಅವರ ಲೆಕ್ಕ. ಆಮೇಲೆ ತಾವಾಗಿಯೇ ಬೀಗ ತೆಗೆದ ಕಂಪನಿಗಳೂ ಇವೆ.

ಬೀಗವಿಲ್ಲದಿರುವುದನ್ನು ದುರುಪಯೋಗ ಮಾಡಿಕೊಳ್ಳುವವರೂ ಕಡಿಮೆಯಿಲ್ಲ. 2013ರಲ್ಲಿ ಆಸ್ಟ್ರೇಲಿಯಾದ ಒಂದು ಪುಟ್ಟ ಕಂಪನಿಯ ಅಣ್ಣತಮ್ಮಂದಿರು, ಪ್ಯಾಟ್ರಿಕ್ ಮತ್ತು ಡೇನಿಯಲ್ ಕ್ಲುಗ್, ‘ಗೇಮ್ ಡೆವ್ ಟೈಕೂನ್’ ಎಂಬ ಆಟವನ್ನು ಬೀಗವಿಲ್ಲದೆ ಮಾರಿದರು. ಆಟಗಳನ್ನು ತಯಾರಿಸುವ ಕಂಪನಿ ನಡೆಸುವುದೇ ಇದರ ಕಥಾವಸ್ತು. ಮೊದಲ ದಿನವೇ ಅವರು ಅದರ ‘ಕದ್ದ’ ಪ್ರತಿಯೊಂದನ್ನು ತಾವೇ ಹರಿಯಬಿಟ್ಟರು. ಅದರಲ್ಲೊಂದು ಮಾರ್ಪಾಡು: ಆಟಗಾರ ಎಷ್ಟೇ ಒಳ್ಳೆಯ ಆಟ ತಯಾರಿಸಲಿ, ಜನ ಅದನ್ನು ಕದ್ದು ಕದ್ದು ಅವನ ಕಂಪನಿ ದಿವಾಳಿಯಾಗುತ್ತದೆ! ಒಂದು ದಿನ ಕಳೆಯುವಷ್ಟರಲ್ಲಿ ಕೊಂಡು ಆಡಿದವರು 214 ಮಂದಿ, ಕದ್ದು ಆಡಿದವರು 3,104. ಕದ್ದವರಲ್ಲೇ ಕೆಲವರು, ಜನ ಹೀಗೆ ಕದ್ದರೆ ಕಂಪನಿ ಉಳಿಸುವುದು ಹೇಗೆಂದು ಗೋಳಾಡಿದರಂತೆ.

ಬೀಗವಿಲ್ಲದ ಆಟ ಎಂದರೆ ಬಿಟ್ಟಿ ಆಟ ಅಲ್ಲ. ಅದನ್ನು ಹತ್ತು ಜನ ಗೆಳೆಯರಿಗೆ ಹಂಚುವುದು ಕಾನೂನಿನ ಕಣ್ಣಿನಲ್ಲೂ ತಪ್ಪೇ. ಇನ್ನು ಬೀಗ ಒಡೆಯುವ ವಿಷಯ: ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ, ಹಕ್ಕುದಾರನ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಸಜೆ ಮತ್ತು ದಂಡ.

ಮಕ್ಕಳು ಆಟವೊಂದನ್ನು ಕೊಡಿಸೆಂದು ಕೇಳಿದಾಗ ಅಪ್ಪ-ಅಮ್ಮ ಬೆಲೆಯ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳಿತು. ಇಂಟರ್‌ನೆಟ್ ಇಲ್ಲದ ದಿನ, ಕಂಪನಿಯೇ ಇಲ್ಲದ ಕಾಲಕ್ಕೆ, ಇದು ನಡೆಯುತ್ತದೆಯೇ? ನಡೆಯುತ್ತದಾದರೆ ಕಡತವನ್ನು ಎರಡು ಕಡೆ ಜೋಪಾನವಾಗಿ ಇಡಬೇಕು. ಏಕೆಂದರೆ ಅಂಗಡಿಯೂ ಒಂದು ದಿನ ಮುಚ್ಚೀತು.

ಅಂಗಡಿಯವನು ಬೀಗ ಹಾಕದೆ ಕೊಟ್ಟಿದ್ದಾನೆಂದರೆ ಕೊಂಡವನನ್ನು ಕಳ್ಳನೆಂದು ಭಾವಿಸಿಲ್ಲ ಎಂದರ್ಥ. ಆ ಮರ್ಯಾದೆಯನ್ನು ಉಳಿಸಿಕೊಳ್ಳುವುದು ಕೊಂಡವನ ಕೆಲಸ. ಇದು ಮಕ್ಕಳಿಗೂ ಅರ್ಥವಾಗದ ಮಾತೇನಲ್ಲ.